ಹತ್ತು ಲಕ್ಷವನ್ನು ಏಳು ಪಾಲು ಮಾಡಿದಾಗ ಸಿಕ್ಕ ಸಂಖ್ಯೆ

ಓದುವ ಮೊದಲು ಒಂದು ಕೆಲಸ ಮಾಡಿ. ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದು 142857 ಎಂದು ಒತ್ತಿ. ಒಂದು ಲಕ್ಷ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ನೋಡಲು ಯಾರದೋ ಸಾಲದ ಬಾಕಿಯಂತಿದೆ. ವಿಶೇಷವೇನೂ ಕಾಣುವುದಿಲ್ಲ. ಈಗ ಅದನ್ನು 2ರಿಂದ ಗುಣಿಸಿ, ಆಮೇಲೆ 3ರಿಂದ, ಹೀಗೆ 6ರ ತನಕ ಹೋಗಿ. ಪರದೆಯ ಮೇಲೆ ಬರುವುದು ಇದು:

142857 × 1 = 142857
142857 × 2 = 285714
142857 × 3 = 428571
142857 × 4 = 571428
142857 × 5 = 714285
142857 × 6 = 857142

ಆರೂ ಸಾಲಿನಲ್ಲಿ ಅವೇ ಆರು ಅಂಕಿಗಳಿವೆ. ಹೊಸದೊಂದು ಬಂದಿಲ್ಲ, ಇದ್ದದ್ದೊಂದು ಹೋಗಿಲ್ಲ. ಸರದಿ ಕೂಡ ತಪ್ಪಿಲ್ಲ. 1 ಆದ ಮೇಲೆ 4, ಆಮೇಲೆ 2, 8, 5, 7, ಮತ್ತೆ 1. ಜಾತ್ರೆಯ ತೊಟ್ಟಿಲು ತಿರುಗುವಾಗ ಕೂತವರು ಅವರೇ ಇರುತ್ತಾರೆ, ಮೇಲಕ್ಕೆ ಬಂದವರು ಮಾತ್ರ ಬೇರೆ ಆಗುತ್ತಾರಲ್ಲ, ಹಾಗೆ. 7ರಿಂದ ಗುಣಿಸಿದರೆ ತೊಟ್ಟಿಲು ನಿಲ್ಲುತ್ತದೆ. ಉತ್ತರ 999999.

ನಾವು ಅಕ್ಕ-ತಂಗಿ ಇಬ್ಬರೂ ಕೂಡಿ ಇದನ್ನು ಬರೆಯುತ್ತಿದ್ದೇವೆ. ಇಬ್ಬರೂ ಪತ್ರಿಕೋದ್ಯಮ ಓದಿದವರು, ಗಣಿತದವರಲ್ಲ. ಈ ಸಂಖ್ಯೆ ನಮಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ಮನೆಯ ಪಡಸಾಲೆಯಲ್ಲಿ, ಪಾಲು ಹಂಚುವ ಲೆಕ್ಕದಲ್ಲಿ ಎದುರಾಯಿತು.

ನಮ್ಮೂರು ಕಲಬುರಗಿ ಜಿಲ್ಲೆಯ ಕಾಗಿಣಾ ನದಿಯ ಸೀಮೆಯಲ್ಲಿದೆ. ತೊಗರಿ ಬೆಳೆಯುವ ನೆಲ. ಮುತ್ಯಾ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಒಂದು ಹೊಲ ಮಾರಾಟವಾಯಿತು. ಅದು ಅವರ ಹಿರಿಯರಿಂದ ಬಂದ ಹೊಲ. ಸಾಲ ತೀರಿಸಿ, ಖರ್ಚು ಕಳೆದು ಉಳಿದದ್ದು ಸರಿಯಾಗಿ ಹತ್ತು ಲಕ್ಷ ರೂಪಾಯಿ. ಅಮ್ಮ, ಅಂದರೆ ನಮ್ಮ ಅಪ್ಪನ ತಾಯಿ, ಮೊದಲೇ ಹೋಗಿದ್ದರು. ಮುತ್ಯಾಗೆ ಐದು ಗಂಡು, ಎರಡು ಹೆಣ್ಣು ಮಕ್ಕಳು. ಗಂಡು ಮಕ್ಕಳಲ್ಲಿ ನಮ್ಮ ಅಪ್ಪ ಮೂರನೆಯವರು.

ದೊಡ್ಡಪ್ಪ ಮಾತು ತೆಗೆದರು. "ಐದು ಮಂದಿ ಅಣ್ಣತಮ್ಮರು, ಹತ್ತು ಲಕ್ಷ. ಎರಡೆರಡು ಲಕ್ಷ. ಲೆಕ್ಕ ಚೊಕ್ಕ ಅದ."

ಸಣ್ಣ ಅತ್ತಿ ಬಾಗಿಲ ಹತ್ತಿರ ಕೂತಿದ್ದರು. "ಏಳು ಮಂದಿ ಹುಟ್ಟೀವಲ್ಲ ಅಣ್ಣಾ. ಏಳಕ್ಕ ಹಂಚಿ ನೋಡ್ರಿ" ಎಂದರು.

ಒಬ್ಬ ಕಾಕಾ ಮೊಬೈಲ್ ತೆಗೆದು ಒತ್ತಿದರು. ಪರದೆಯ ಮೇಲೆ 142857.142857 ಎಂದು ಅಂಕಿಗಳು ಸಾಲಾಗಿ ಬಂದವು. ಎಲ್ಲರಿಗೂ ತೋರಿಸಿ ನಕ್ಕರು. "ಏಳಕ್ಕ ಹಚ್ಚಿದ್ರ ಲೆಕ್ಕನ ಮುಗಿಯಂಗಿಲ್ಲ ನೋಡ್ರಿ. ಪಾಯಿಂಟ್ ದಾಟಿ ಓಡ್ಲಿಕತ್ಯದ."

ಆ ಮಾತಿಗೆ ಪಡಸಾಲೆಯಲ್ಲಿ ತಲೆ ಅಲ್ಲಾಡಿಸಿದವರು ಬಹಳ ಮಂದಿ. ಐದಕ್ಕೆ ಹಂಚಿದರೆ ಗುಂಡಗಿನ ಸೊನ್ನೆಗಳು ಬರುತ್ತವೆ, ಏಳಕ್ಕೆ ಹಂಚಿದರೆ ಚಿಲ್ಲರೆ ಬರುತ್ತದೆ. ಚೊಕ್ಕ ಇದ್ದದ್ದೇ ನ್ಯಾಯ ಎನ್ನುವ ಹಾಗೆ ಮಾತು ತಿರುಗಿತು. ಹೆಣ್ಣು ಮಕ್ಕಳಿಗೆ ಒಂದೊಂದು ಸೀರೆ, ಅರಿಷಿಣ-ಕುಂಕುಮ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುವುದು ನಮ್ಮ ಕಡೆಯ ರೂಢಿ. ದೊಡ್ಡ ಅತ್ತಿ ಅದಕ್ಕೆ ತಯಾರಾಗಿಯೇ ಬಂದಿದ್ದರು. "ನನಗೇನೂ ಬ್ಯಾಡಪ್ಪ. ಪಂಚಮಿಗಿ ಕರದ್ರ ಸಾಕು" ಎಂದರು. ಅದು ಬೇಡ ಎನ್ನುವ ಮನಸ್ಸಿನ ಮಾತಾಗಿರಲಿಲ್ಲ. ತವರಿನ ಬಾಗಿಲು ಮುಚ್ಚೀತು ಎನ್ನುವ ಅಂಜಿಕೆಯ ಮಾತು.

ನಾವು ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂದಿನ ಬಿಳಿ ಬದಿಯಲ್ಲಿ ಲೆಕ್ಕ ಬರೆದೆವು. ಒಬ್ಬೊಬ್ಬರಿಗೆ 1,42,857 ರೂಪಾಯಿ. ಐದು ಮಂದಿ ಅಣ್ಣತಮ್ಮರದು ಕೂಡಿ 7,14,285. ಇಬ್ಬರು ಹೆಣ್ಣು ಮಕ್ಕಳದು ಕೂಡಿ 2,85,714. ಒಟ್ಟು 9,99,999. ಉಳಿದದ್ದು ಒಂದು ರೂಪಾಯಿ. ಲೆಕ್ಕ ಮುಗಿಯಿತು. "ಏಳಕ್ಕ ಹಚ್ಚಿದ್ರೂ ಉಳಿಯೂದು ಒಂದ ರೂಪಾಯಿ ಕಾಕಾ. ಅದನ್ನ ಮುತ್ಯಾನ ಫೋಟೋದ ಮುಂದ ಇಡೋಣ" ಎಂದೆವು.

ಹಾಳೆ ನೋಡುವಾಗಲೇ ನಮ್ಮ ಕಣ್ಣಿಗೆ ಅದು ಬಿತ್ತು. 142857, 714285, 285714. ಒಬ್ಬರ ಪಾಲು, ಅಣ್ಣತಮ್ಮರ ಪಾಲು, ಅಕ್ಕತಂಗಿಯರ ಪಾಲು, ಮೂರರಲ್ಲೂ ಅವೇ ಆರು ಅಂಕಿಗಳು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ಬಿಟ್ಟರು. "ಅಕ್ಕ ಬ್ಯಾಡ ಅನ್ನೂದಾದ್ರ ಅಕೀ ಕೈಯಾಗ ಕೊಟ್ಟ ಮ್ಯಾಲ ಅನ್ಲಿ. ಕೊಡೂ ಮೊದಲ ನಾವ್ಯಾಕ ಬ್ಯಾಡ ಅನಸಬೇಕು?"

ಅವತ್ತು ಏನೂ ತೀರ್ಮಾನವಾಗಲಿಲ್ಲ. ಎರಡು ತಿಂಗಳು ಮಾತುಕತೆ, ಮುನಿಸು, ಊರ ಹಿರಿಯರ ಪಂಚಾಯ್ತಿ ಎಲ್ಲ ನಡೆದು ಕೊನೆಗೆ ಏಳೂ ಮಂದಿಯ ಖಾತೆಗೆ ಹಣ ಬಿತ್ತು. ದೊಡ್ಡ ಅತ್ತಿ "ಬ್ಯಾಡ" ಎಂದು ಮತ್ತೆ ಹೇಳಲಿಲ್ಲ. ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿಗೆ ಇಟ್ಟರು. ಅವರ ಹೆಸರಿನಲ್ಲಿ ಅಷ್ಟು ದುಡ್ಡು ಇದ್ದದ್ದು ಅದೇ ಮೊದಲು. ಆ ವರ್ಷದ ಪಂಚಮಿಗೆ ಎರಡು ಮನೆಯವರು ಅತ್ತಿಯರನ್ನು ಕರೆಯಲಿಲ್ಲ. ನಮ್ಮ ಮನೆಯಲ್ಲಿ ಜೋಕಾಲಿ ಕಟ್ಟಿದ್ದೆವು, ಉಂಡಿ ಕಟ್ಟಿದ್ದೆವು. ಅತ್ತಿಯರು ಬಂದರು. ಆದರೆ ಊಟಕ್ಕೆ ಕೂತಾಗ ಎಲ್ಲರಿಗೂ ಆ ಎರಡು ಮನೆಯ ನೆನಪು ಇತ್ತು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಮದುವೆಯಾಗದ ಹೆಣ್ಣು ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿದ್ದರು. ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ಅದರಲ್ಲಿ ಮದುವೆಯಾದವರು, ಆಗದವರು ಎಂಬ ಭೇದವಿಲ್ಲ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು ಹೇಳಿತು. ಪ್ರತಿ ಮನೆಯ ಆಸ್ತಿಯ ಕಥೆ ಬೇರೆ ಇರುತ್ತದೆ. ಹಾಗಾಗಿ ಸಹಿ ಹಾಕುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಣ್ಣು ಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ, ಆದಾಯ ಎಷ್ಟೇ ಇರಲಿ.

ಇನ್ನು ಸಂಖ್ಯೆಯ ಕಡೆ ಬರೋಣ. ಆ ಅಂಕಿಗಳು ಯಾಕೆ ಹಾಗೆ ಸುತ್ತುತ್ತವೆ? ಇದು ನಮ್ಮನ್ನು ಬಹಳ ದಿನ ಕಾಡಿತು. ಉತ್ತರ ಇರುವುದು ನಾಲ್ಕನೇ ಕ್ಲಾಸಿನ ಭಾಗಾಕಾರದಲ್ಲಿ.

ಉಳಿದ ಆ ಒಂದು ರೂಪಾಯಿಯನ್ನೂ ಏಳು ಮಂದಿಗೆ ಹಂಚುತ್ತೇವೆ ಎಂದುಕೊಳ್ಳಿ. 1ರಲ್ಲಿ 7 ಹೋಗುವುದಿಲ್ಲ. ಸೊನ್ನೆ ಇಳಿಸಿ 10 ಮಾಡಿ. 10ರಲ್ಲಿ 7 ಒಂದು ಸಲ, ಶೇಷ 3. ಸೊನ್ನೆ ಇಳಿಸಿದರೆ 30. ಅದರಲ್ಲಿ ನಾಲ್ಕು ಸಲ, ಶೇಷ 2. ಮುಂದೆ 20. ಎರಡು ಸಲ, ಶೇಷ 6. ಮುಂದೆ 60. ಎಂಟು ಸಲ, ಶೇಷ 4. ಮುಂದೆ 40. ಐದು ಸಲ, ಶೇಷ 5. ಮುಂದೆ 50. ಏಳು ಸಲ, ಶೇಷ 1. ಮತ್ತೆ 1ಕ್ಕೇ ಬಂದೆವು. ಇನ್ನು ಮುಂದೆ ಇದೇ ಸುತ್ತು. ಭಾಗಲಬ್ಧದಲ್ಲಿ ಬಂದ ಅಂಕಿಗಳು 1, 4, 2, 8, 5, 7.

ಶೇಷಗಳನ್ನು ನೋಡಿ: 3, 2, 6, 4, 5, 1. ಏಳರಿಂದ ಭಾಗಿಸಿದಾಗ ಸೊನ್ನೆ ಬಿಟ್ಟು ಬರಬಹುದಾದ ಶೇಷಗಳೇ ಆರು. ಆ ಆರೂ ಒಂದೇ ಸುತ್ತಿನಲ್ಲಿ ಒಂದೊಂದು ಸಲ ಬಂದು ಹೋಗಿವೆ. ಗಾಣದ ಎತ್ತು ಸುತ್ತುವ ದಾರಿಯಲ್ಲಿ ಆರು ಗೂಟ ಇವೆ ಎಂದುಕೊಳ್ಳಿ. 1 ರೂಪಾಯಿಯಿಂದ ಶುರು ಮಾಡಿದರೆ ಒಂದು ಗೂಟದಿಂದ ಹೊರಟ ಹಾಗೆ. 2 ರೂಪಾಯಿಯನ್ನು ಏಳಕ್ಕೆ ಹಂಚಿದರೆ ಇನ್ನೊಂದು ಗೂಟದಿಂದ ಹೊರಟ ಹಾಗೆ. ದಾರಿ ಮಾತ್ರ ಅದೇ. 2ರಿಂದ ಹೊರಟರೆ ಮೊದಲು 20 ಬರುತ್ತದೆ, ಹಾಗಾಗಿ ಅಂಕಿಗಳು 2, 8, 5, 7, 1, 4 ಆಗುತ್ತವೆ. ನಮ್ಮ ಅತ್ತಿಯರ ಪಾಲು ಬಂದದ್ದು ಹಾಗೆ. 5ರಿಂದ ಹೊರಟರೆ ಮೊದಲು 50. ಅಂಕಿಗಳು 7, 1, 4, 2, 8, 5. ಅಣ್ಣತಮ್ಮರ ಪಾಲು ಅದು.

ಎಲ್ಲ ಸಂಖ್ಯೆಗೂ ಹೀಗಾಗುವುದಿಲ್ಲ. 3ರಿಂದ ಭಾಗಿಸಿದರೆ ಬರೀ 3 ಬರುತ್ತಲೇ ಇರುತ್ತದೆ. 13ರಿಂದ ಭಾಗಿಸಿದರೆ ಶೇಷಗಳು ಎರಡು ಗುಂಪಾಗಿ ಒಡೆದು, ಎರಡು ಬೇರೆ ಬೇರೆ ಗಾಣದಲ್ಲಿ ಸುತ್ತುತ್ತವೆ. 7ರಲ್ಲಿ ಮನೆ ಒಡೆಯಲಿಲ್ಲ. ಇಂಥ ಸಂಖ್ಯೆಗೆ ಚಕ್ರೀಯ ಸಂಖ್ಯೆ ಎನ್ನುತ್ತಾರೆ. ನಾವು ಬಳಸುವ ಹತ್ತರ ಎಣಿಕೆಯಲ್ಲಿ ಸೊನ್ನೆಯಿಂದ ಶುರುವಾಗದ ಚಕ್ರೀಯ ಸಂಖ್ಯೆ ಇರುವುದು ಇದೊಂದೇ.

ಒಬ್ಬ ಮನುಷ್ಯನ ಹೆಸರು ರೇಷನ್ ಕಾರ್ಡಿನಲ್ಲಿ, ಪಹಣಿಯಲ್ಲಿ, ಮತದಾರರ ಪಟ್ಟಿಯಲ್ಲಿ ಬೇರೆ ಬೇರೆ ಕಾರಣಕ್ಕೆ ಇರುತ್ತದೆ. ಸಂಖ್ಯೆಗೂ ಹಾಗೆಯೇ. 142857 ಯಾವ ಯಾವ ಪಟ್ಟಿಯಲ್ಲಿದೆ ಎಂದು ನಾವು ಒಂದೊಂದಾಗಿ ಕ್ಯಾಲ್ಕುಲೇಟರ್‌ನಲ್ಲಿ ಪರೀಕ್ಷೆ ಮಾಡಿದೆವು. ನೀವೂ ಮಾಡಬಹುದು.

ಇದು ಬೆಸ ಸಂಖ್ಯೆ. ಅವಿಭಾಜ್ಯವಲ್ಲ. ಒಡೆದರೆ 3 × 3 × 3 × 11 × 13 × 37. ಒಟ್ಟು 32 ಸಂಖ್ಯೆಗಳು ಇದನ್ನು ಶೇಷವಿಲ್ಲದೆ ಭಾಗಿಸುತ್ತವೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ 1,12,503 ಬರುತ್ತದೆ. ಅದು 1,42,857ಕ್ಕಿಂತ ಕಡಿಮೆ. ಹೀಗೆ ಕಡಿಮೆ ಬಿದ್ದರೆ ನ್ಯೂನ ಸಂಖ್ಯೆ. ಸರಿಸಮ ಬಂದರೆ ಪರಿಪೂರ್ಣ ಸಂಖ್ಯೆ. 6 ಅಂಥದ್ದು, 1, 2, 3 ಕೂಡಿದರೆ 6.

ಇದರ ಅಂಕಿಗಳನ್ನು ಕೂಡಿದರೆ 27. ಆ 27ರಿಂದ 142857ನ್ನು ಭಾಗಿಸಿದರೆ 5291, ಶೇಷ ಇಲ್ಲ. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಹರ್ಷದ ಸಂಖ್ಯೆ ಎಂದು ಹೆಸರು. ಹರ್ಷ ಕೊಡುವುದು ಎಂದು ಅರ್ಥ. ಹೆಸರಿಟ್ಟವರು ಡಿ.ಆರ್. ಕಪ್ರೇಕರ್, ಮಹಾರಾಷ್ಟ್ರದ ನಾಸಿಕ್ ಹತ್ತಿರದ ದೇವಳಾಲಿಯ ಶಾಲಾ ಮಾಸ್ತರರು. 1905ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡರು. ದೊಡ್ಡ ಡಿಗ್ರಿ ಇರಲಿಲ್ಲ, ವಿಶ್ವವಿದ್ಯಾಲಯದ ಕುರ್ಚಿ ಇರಲಿಲ್ಲ. ಮಕ್ಕಳಿಗೆ ಪಾಠ ಹೇಳುತ್ತಾ, ಉಳಿದ ವೇಳೆಯಲ್ಲಿ ಅಂಕಿಗಳ ಜೊತೆ ಆಡಿದರು. ಅಮೆರಿಕದ ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದ ಮೇಲೆ ಜಗತ್ತಿಗೆಲ್ಲ ಪರಿಚಯವಾದರು.

ಅವರ ಹೆಸರಿನದೇ ಇನ್ನೊಂದು ಪಟ್ಟಿ ಇದೆ, ಕಪ್ರೇಕರ್ ಸಂಖ್ಯೆಗಳದು. 142857ನ್ನು 142857ರಿಂದಲೇ ಗುಣಿಸಿ. 20408122449 ಬರುತ್ತದೆ. ಅದನ್ನು ಎರಡು ತುಂಡು ಮಾಡಿ, 20408 ಮತ್ತು 122449. ಎರಡನ್ನೂ ಕೂಡಿ. ಮತ್ತೆ 142857. ಮೂಲ ಸಂಖ್ಯೆಯನ್ನೇ ಎರಡು ತುಂಡು ಮಾಡಿದರೂ ಒಂದು ಸೊಗಸಿದೆ. 142 ಮತ್ತು 857 ಕೂಡಿದರೆ 999. ಮೂರು ತುಂಡು ಮಾಡಿ 14, 28, 57 ಕೂಡಿದರೆ 99.

ನಮಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ವಿಷಯ ನಮ್ಮ ಮಗ್ಗುಲಲ್ಲೇ ಇತ್ತು. ಕಾಗಿಣಾ ದಂಡೆಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದ. ಶುರುವಿನಲ್ಲೇ ಅಮೋಘವರ್ಷನನ್ನು ಹೊಗಳುತ್ತಾನೆ. ಬಡ್ಡಿ, ಪಾಲು ಹಂಚಿಕೆ, ಹೊಲದ ಅಳತೆ, ಎಲ್ಲ ಲೆಕ್ಕವೂ ಅದರಲ್ಲಿದೆ. ಗುಣಾಕಾರದ ಅಧ್ಯಾಯದಲ್ಲಿ ಅವನು ಕೊಡುವ ಕೆಲವು ಲೆಕ್ಕಗಳ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅವನ್ನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಅದರಲ್ಲೊಂದು ಹಾರ ಇದು:

142857143 × 7 = 1000000001

ಎರಡು ತುದಿಗೆ ಒಂದೊಂದು ಮಣಿ, ನಡುವೆ ಬರೀ ಸೊನ್ನೆಗಳ ದಾರ. ಗುಣಿಸುವ ಸಂಖ್ಯೆಯ ಮೊದಲ ಆರು ಅಂಕಿಗಳನ್ನು ನೋಡಿ. ನಮ್ಮ ಕ್ಯಾಲೆಂಡರ್ ಹಾಳೆಯ ಹಿಂದೆ ಬಂದವೇ ಅವು. ಕೊನೆಯ ಮೂರು ಅಂಕಿ 143. ಆ 143ನ್ನು 999ರಿಂದ ಗುಣಿಸಿ ನೋಡಿ, 142857 ಬರುತ್ತದೆ. ಮೊಬೈಲ್ ಇಲ್ಲದ ಕಾಲದಲ್ಲಿ, ಕೈಯಲ್ಲಿ ಗುಣಿಸಿ, ಈ ಸೊಬಗನ್ನು ಕಂಡು ಹಾರ ಎಂದು ಕರೆದವನು ನಮ್ಮ ಸೀಮೆಯ ದೊರೆಯನ್ನು ನೆನೆದು ಬರೆದವನು.

ಈ ಸಂಖ್ಯೆಗೆ ದೈವಿಕ ಶಕ್ತಿ ಇದೆ, ಬರೆದು ಪರ್ಸಿನಲ್ಲಿ ಇಟ್ಟುಕೊಂಡರೆ ದುಡ್ಡು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಇಷ್ಟು ಚೆಂದ ಸುತ್ತುವುದಕ್ಕೆ ಕಾರಣ ನಮ್ಮ ಎರಡು ಕೈಗೆ ಹತ್ತು ಬೆರಳು ಇರುವುದು. ಬೆರಳು ಹತ್ತು ಎಂದು ನಾವು ಹತ್ತರ ಗುಂಪಿನಲ್ಲಿ ಎಣಿಸುತ್ತೇವೆ, ಹತ್ತಕ್ಕೂ ಏಳಕ್ಕೂ ಇರುವ ನಂಟಿನಿಂದ ಈ ಸುತ್ತು ಹುಟ್ಟುತ್ತದೆ. ನಮಗೆ ಎಂಟೇ ಬೆರಳು ಇದ್ದು ಎಂಟರ ಗುಂಪಿನಲ್ಲಿ ಎಣಿಸುತ್ತಿದ್ದರೆ? 8ರಲ್ಲಿ 7 ಒಂದು ಸಲ, ಶೇಷ 1. ಮತ್ತೆ 8, ಮತ್ತೆ ಒಂದು ಸಲ, ಮತ್ತೆ ಶೇಷ 1. ಬರೀ 1, 1, 1 ಬರುತ್ತಿತ್ತು. ತೊಟ್ಟಿಲೂ ಇಲ್ಲ, ಹಾರವೂ ಇಲ್ಲ.

ಆದರೆ ದಿನದ ಬಳಕೆಗೆ ಇದು ಬರುತ್ತದೆ. ವಾರಕ್ಕೆ ಏಳು ದಿನ ತಾನೆ? 365ನ್ನು 7ರಿಂದ ಭಾಗಿಸಿ. 52.142857 ಬರುತ್ತದೆ. ಪಾಯಿಂಟ್ ಆದ ಮೇಲೆ 142857 ಎಂದರೆ ಶೇಷ 1. ಅಂದರೆ ವರ್ಷಕ್ಕೆ 52 ವಾರ, ಮೇಲೊಂದು ದಿನ. ಹಾಗಾಗಿ ಒಂದೇ ತಾರೀಖು ಮುಂದಿನ ವರ್ಷ ಒಂದು ದಿನ ಮುಂದಕ್ಕೆ ಹೋಗುತ್ತದೆ, ಸೋಮವಾರ ಇದ್ದದ್ದು ಮಂಗಳವಾರ ಆಗುತ್ತದೆ. ನಡುವೆ ಫೆಬ್ರವರಿ 29 ಬಂದರೆ 366 ದಿನ. ಭಾಗಿಸಿದರೆ 52.285714. 2ರಿಂದ ಶುರುವಾದರೆ ಶೇಷ 2, ಎರಡು ದಿನ ಮುಂದೆ. ಆಗಸ್ಟ್ 15 2023ರಲ್ಲಿ ಮಂಗಳವಾರ ಇತ್ತು, 2024ರಲ್ಲಿ ಗುರುವಾರ, 2025ರಲ್ಲಿ ಶುಕ್ರವಾರ. ಪಾಯಿಂಟ್ ಆದ ಮೇಲಿನ ಮೊದಲ ಅಂಕಿ 1, 2, 4, 5, 7, 8 ಬಂದರೆ ಶೇಷ ಅದೇ ಕ್ರಮದಲ್ಲಿ 1, 2, 3, 4, 5, 6. ಹೆಣ್ಣೆಮ್ಮೆಗೆ ಗರ್ಭ ಕಟ್ಟಿ ಎಷ್ಟು ವಾರ, ಮೇಲೆಷ್ಟು ದಿನ ಆಯಿತು ಎಂದು ನಮ್ಮ ಅವ್ವ ಈಗ ಹೀಗೇ ಲೆಕ್ಕ ಹಾಕುತ್ತಾಳೆ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದು ನಮ್ಮೊಬ್ಬರದಲ್ಲ, ಜಗತ್ತಿನ ಗಣಿತಜ್ಞರೆಲ್ಲರದು. 7ರ ಹಾಗೆ ಎಲ್ಲ ಶೇಷಗಳನ್ನೂ ಒಂದೇ ಸುತ್ತಿನಲ್ಲಿ ಮುಟ್ಟುವ ಅವಿಭಾಜ್ಯ ಸಂಖ್ಯೆಗಳು ಇನ್ನೂ ಇವೆ. 17, 19, 23, 29, 47, 59, 61, 97 ಅಂಥವು. ಈ ಪಟ್ಟಿ ಎಲ್ಲಾದರೂ ಮುಗಿಯುತ್ತದೆಯೋ, ಕೊನೆಯೇ ಇಲ್ಲವೋ? ಕೊನೆ ಇಲ್ಲ ಎಂದು ಎಮಿಲ್ ಆರ್ಟಿನ್ 1927ರಲ್ಲಿ ಊಹಿಸಿದ. ಅದು ನಿಜ ಎಂದು ಎಲ್ಲರೂ ನಂಬುತ್ತಾರೆ. ಪೂರ್ತಿ ಸಾಧಿಸಿ ತೋರಿಸಿದವರು ಇಂದಿಗೂ ಇಲ್ಲ. ನಾಲ್ಕನೇ ಕ್ಲಾಸಿನ ಭಾಗಾಕಾರದಿಂದ ಹೊರಟ ದಾರಿ ಇಷ್ಟು ಬೇಗ ಯಾರಿಗೂ ಉತ್ತರ ಗೊತ್ತಿಲ್ಲದ ಜಾಗಕ್ಕೆ ಬಂದು ನಿಲ್ಲುತ್ತದೆ.

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಇವತ್ತು ಸಂಜೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು ಕೂರಿಸಿ. 1ನ್ನು 17ರಿಂದ ಭಾಗಿಸಲು ಹೇಳಿ. ಮೊಬೈಲ್ ಬೇಡ, ಅದರ ಪರದೆ ಸಾಲುವುದಿಲ್ಲ. ಸೊನ್ನೆ ಇಳಿಸುತ್ತಾ, ಶೇಷ ಬರೆಯುತ್ತಾ ಹೋಗಲಿ. ಹದಿನಾರು ಹೆಜ್ಜೆ. 0588235294117647 ಬರಬೇಕು. ಶೇಷ ಮತ್ತೆ 1 ಬಂದಾಗ ನಿಲ್ಲಿಸಿ, 1ರಿಂದ 16ರ ತನಕ ಯಾವ ಶೇಷವೂ ತಪ್ಪಿಲ್ಲ ತಾನೆ ಎಂದು ಅವರಿಂದಲೇ ಎಣಿಸಿ.